‘ತಪ್ಪಾಯ್ತು ಸ್ವಾಮಿ’ ಅನ್ನುವ ಮುಂಚೆ



ಪುರುಸೊತ್ತಾದಾಗ ಒಂದು ಬೆಳಗ್ಗೆ ಗುಂಡ್ಲುಪೇಟೆ ಕೋರ್ಟಿಗೋ ಚಾಮರಾಜನಗರದ ಕೋರ್ಟಿಗೋ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಸುಮ್ಮನೆ ಕೂತವರನ್ನು ಎಬ್ಬಿಸುವ ಹಾಗಿಲ್ಲ, ನ್ಯಾಯಾಲಯ ಸಾರ್ವಜನಿಕರಿಗೆ ತೆರೆದ ಜಾಗ ಅಂತ ಕಾನೂನೇ ಹೇಳುತ್ತದೆ. ಜವಾನ ಒಂದೊಂದೇ ಹೆಸರು ಕೂಗುತ್ತಾನೆ. ಜಮೀನಿನ ವ್ಯಾಜ್ಯ, ಚೆಕ್ ಕೇಸು, ಜೀವನಾಂಶದ ಕೇಸು ಬಂದಾಗ ಕರಿಕೋಟಿನವರು ಎದ್ದು ನಿಲ್ಲುತ್ತಾರೆ, ವಾಯಿದೆ ಕೇಳುತ್ತಾರೆ, ಕೂರುತ್ತಾರೆ. ಆಮೇಲೆ ಪೆಟ್ಟಿ ಕೇಸುಗಳ ಸರದಿ. ಇವಕ್ಕೆ ಸಾಮಾನ್ಯವಾಗಿ ವಕೀಲರೇ ಇರುವುದಿಲ್ಲ. ಕೋರ್ಟ್ ಡ್ಯೂಟಿಯ ಪೇದೆ ನಾಲ್ಕೈದು ಜನರನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡಿರುತ್ತಾನೆ. ‘ಕೇಳಿದ್ರೆ ಒಪ್ಕೊಂಡ್ಬುಡು, ಐನೂರೋ ಸಾವಿರವೋ ಕಟ್ಟಿ ಹೊಂಟೋಗು, ಇಲ್ಲಾಂದ್ರೆ ತಿಂಗಳು ತಿಂಗಳು ಅಲೀಬೇಕಾಯ್ತದೆ’ ಅಂತ ಕಿವಿಯಲ್ಲಿ ಮೊದಲೇ ಊದಿರುತ್ತಾನೆ. ಸಾಹೇಬರು ಕೇಳುತ್ತಾರೆ. ಇವನು ಕೈಮುಗಿದು ‘ತಪ್ಪಾಯ್ತು ಸ್ವಾಮಿ’ ಅನ್ನುತ್ತಾನೆ. ಮೂರು ನಿಮಿಷಕ್ಕೆ ಮುಗಿಯಿತು.

ಹೊರಗೆ ಬಂದು ಟೀ ಕುಡಿಯುವಾಗ ಅವನಿಗೆ ತಲೆಹೊರೆ ಇಳಿದ ಹಾಗೆ. ಈಗಷ್ಟೇ ತಾನು ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾದವನು ಎಂಬುದು ಅವನಿಗೆ ಗೊತ್ತಿಲ್ಲ. ಗೊತ್ತಾಗುವುದು ಮೂರ್ನಾಲ್ಕು ವರ್ಷದ ಮೇಲೆ. ಕಾನ್‌ಸ್ಟೇಬಲ್ ಕೆಲಸಕ್ಕೋ ಮಾಸ್ತರಿಕೆಗೋ ಲೈನ್‌ಮನ್ ಕೆಲಸಕ್ಕೋ ಆಯ್ಕೆಯಾಗಿ, ಊರಿಗೆಲ್ಲ ಸಿಹಿ ಹಂಚಿ ಆದಮೇಲೆ, ಪೂರ್ವಾಪರ ಪರಿಶೀಲನೆಯ ಫಾರಂ ಕೈಗೆ ಬರುತ್ತದೆ. ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಮೊಕದ್ದಮೆ ಇತ್ತೇ? ಶಿಕ್ಷೆಯಾಗಿದೆಯೇ? ಹೌದು ಅಂತ ಬರೆದರೆ ಏನಾಗುತ್ತದೋ, ಇಲ್ಲ ಅಂತ ಬರೆದರೆ ಏನಾಗುತ್ತದೋ. ಅವತ್ತು ರಾತ್ರಿ ನಿದ್ದೆ ಬರುವುದಿಲ್ಲ.

ಹಾಸ್ಟೆಲಿನ ಹುಡುಗರು ದೊಡ್ಡ ಕೇಸಿಗೆ ಹೆದರುತ್ತಾರೆ, ಸಣ್ಣ ಕೇಸನ್ನು ಲೆಕ್ಕಕ್ಕೇ ಇಡುವುದಿಲ್ಲ. ದೊಡ್ಡ ಕೇಸಾದರೆ ನಾಲ್ಕು ಜನ ಓಡಿಬರುತ್ತಾರೆ, ವಕೀಲರನ್ನು ಹಿಡಿಯುತ್ತಾರೆ, ಸಂಘದವರು ಠಾಣೆ ಮುಂದೆ ಕೂರುತ್ತಾರೆ. ಸಣ್ಣ ಕೇಸಿಗೆ ಹುಡುಗ ಒಬ್ಬನೇ ಹೋಗಿ ಒಬ್ಬನೇ ಬರುತ್ತಾನೆ, ಮನೆಗೂ ಹೇಳುವುದಿಲ್ಲ. ಆದ್ದರಿಂದ ಈ ಸಲದ ಮಾತು ಸಣ್ಣ ಕೇಸಿನದು.

‘ಗಲಾಟೆ’ ಅನ್ನುವ ಹೆಸರಿನ ಅಪರಾಧ ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ಅದು ಇರುವುದು ಠಾಣೆಯ ರೈಟರ್ ಬಾಯಲ್ಲಿ. ಕಾಗದಕ್ಕೆ ಇಳಿಸುವಾಗ ಅದಕ್ಕೊಂದು ಕಲಂ ಹುಡುಕುತ್ತಾರೆ. ಕರ್ನಾಟಕ ಪೊಲೀಸ್ ಕಾಯಿದೆ 1963ರಲ್ಲಿ 92ನೇ ಕಲಂ ಅಂತ ಒಂದಿದೆ. ಬೀದಿಯಲ್ಲಿ ಜನ ಕೊಡುವ ಉಪದ್ರವಗಳ ಉದ್ದ ಪಟ್ಟಿ ಅದು. ಇನ್ನೊಂದು, ಸಾರ್ವಜನಿಕ ಜಾಗದಲ್ಲಿ ಹೊಡೆದಾಡಿ ಶಾಂತಿ ಕದಡುವುದು. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಇದು 160ನೇ ಕಲಂ, ಒಂದು ತಿಂಗಳವರೆಗೆ ಜೈಲು ಅಥವಾ 100 ರೂಪಾಯಿವರೆಗೆ ದಂಡ ಅಥವಾ ಎರಡೂ. 2024ರ ಜುಲೈ 1ರಿಂದ ಆ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ ಇದು 194ನೇ ಕಲಂ, ಜೈಲು ಅಷ್ಟೇ, ದಂಡ 1,000 ರೂಪಾಯಿವರೆಗೆ. ಕುಡಿದು ಬೀದಿಯಲ್ಲಿ ಹಾರಾಡಿದರೆ ಹಿಂದೆ 510, ಈಗ 355. ಹಿಂದೆ ಅದಕ್ಕೆ 10 ರೂಪಾಯಿವರೆಗಿದ್ದ ದಂಡ ಈಗ 1,000ಕ್ಕೆ ಏರಿದೆ, ಇಲ್ಲವೇ 24 ಗಂಟೆಯವರೆಗೆ ಜೈಲು, ಇಲ್ಲವೇ ಸಮುದಾಯ ಸೇವೆ. ಐದು ಜನ ಸೇರಿದ್ದಿರಿ ಅಂದರೆ ಅಕ್ರಮ ಕೂಟ ಅಂತ ಸೇರಿಸುತ್ತಾರೆ. ಬೈದಿರಿ ಅಂದರೆ 352. ‘ಯಾಕ್ ಸಾರ್ ಹಿಡ್ಕೊಂಡ್ರಿ?’ ಅಂತ ಎದುರು ಕೇಳಿದರೆ ಕರ್ತವ್ಯಕ್ಕೆ ಅಡ್ಡಿ ಅಂತ ಇನ್ನೊಂದು ಬರಬಹುದು.

ಈ ಕಲಂಗಳಲ್ಲಿ ಜಾತಿ ಬರೆದಿಲ್ಲ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನ ಜೋರಾಗಿ ಮಾತಾಡುತ್ತಿದ್ದರೆ ಯಾರ ದನಿ ‘ಗಲಾಟೆ’, ಯಾರ ದನಿ ‘ಹುಡುಗರ ತಮಾಷೆ’ ಅನ್ನುವುದು ಯಾವ ಬೀದಿಯ ಹುಡುಗರು ಅನ್ನುವುದರ ಮೇಲೆ ನಿಂತಿರುತ್ತದೆ. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆಯದೇ ಎರಡು ಸಂಗತಿ ನೆನೆಯಿರಿ. 2019ರ ಜೂನ್ ತಿಂಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಕಬ್ಬೆಕಟ್ಟೆ ಶನಿದೇವರ ಗುಡಿಯ ಹತ್ತಿರ ಒಬ್ಬ ದಲಿತ ಯುವಕನನ್ನು ಹೊಡೆದು, ಬಟ್ಟೆ ಬಿಚ್ಚಿ, ಬೆತ್ತಲೆ ನಡೆಸಿದರು. ಅದನ್ನು ಮೊಬೈಲಿನಲ್ಲಿ ಹಿಡಿದರು. ಕಾರಣ ಕೇಳಿದರೆ, ಅವನು ಗುಡಿಯೊಳಗೆ ಅನುಚಿತವಾಗಿ ನಡೆದುಕೊಂಡ ಅಂತ. ದಿನಗಳಾದ ಮೇಲೆ ಆ ಚಿತ್ರ ಊರೂರು ಸುತ್ತಿ ಜನ ಕೆರಳಿದಾಗ ದೌರ್ಜನ್ಯ ಕಾಯಿದೆಯ ಕೇಸು, ಬಂಧನ ಎಲ್ಲ ಸುದ್ದಿಯಾಯಿತು. ಚಿತ್ರ ಇಲ್ಲದೇ ಹೋಗಿದ್ದರೆ? ‘ಗುಡೀಲಿ ಗಲಾಟೆ ಮಾಡಿದ ಹುಡುಗ’ ಅಂತ ಅವನ ಹೆಸರೇ ಠಾಣೆಯಲ್ಲಿ ಉಳಿಯುತ್ತಿತ್ತೋ ಏನೋ.

2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ಮೇಲ್ಜಾತಿ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು. ತೊಂಬೆಯ ನೀರನ್ನೆಲ್ಲ ಬಿಟ್ಟು ಗಂಜಲ ಹಾಕಿ ತೊಳೆದರು. ಸರ್ಕಾರದ ನೀರು, ಸರ್ಕಾರದ ತೊಂಬೆ. ಅಲ್ಲಿ ಸಾರ್ವಜನಿಕ ಶಾಂತಿ ಕದಡಿದವರು ಯಾರು? ಬಾಯಾರಿದವಳಾ, ತೊಳೆದವರಾ?

ಹಾಸ್ಟೆಲ್ ಹುಡುಗರಿಗೆ ಈ ಹೆಸರು ಹಳೆಯದು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಮಾತು ಆಡಿದವರು ಮಂತ್ರಿಗಿರಿ ಕಳೆದುಕೊಂಡರು. ಬೀದಿಯಲ್ಲಿ ಹೊಡೆತ ತಿಂದವರು ದಲಿತ ವಿದ್ಯಾರ್ಥಿಗಳು. ಜನರ ಬಾಯಲ್ಲಿ ಇವತ್ತಿಗೂ ಅದು ‘ಬೂಸಾ ಗಲಾಟೆ’. ಹೊಡೆತ ತಿಂದವರ ಚರಿತ್ರೆಗೂ ಗಲಾಟೆ ಅಂತಲೇ ಹೆಸರು ಬಿತ್ತು ನೋಡಿ.

ಈಗ ಕಟಕಟೆಯ ಮಾತಿಗೆ ಬರೋಣ. ಪೇದೆ ಹೇಳಿಕೊಟ್ಟ ಆ ಎರಡು ಪದಕ್ಕೆ ಕಾನೂನಿನಲ್ಲಿ ಭಾರ ಎಷ್ಟು ಗೊತ್ತೇ? ಸಣ್ಣ ಕೇಸಿನಲ್ಲಿ ಮ್ಯಾಜಿಸ್ಟ್ರೇಟರು ನಿಮ್ಮ ಮೇಲಿನ ಆಪಾದನೆ ಏನು ಅಂತ ನಿಮಗೆ ಹೇಳಲೇಬೇಕು. ತಪ್ಪೊಪ್ಪಿಕೊಳ್ಳುತ್ತೀರಾ, ನಿಮ್ಮ ರಕ್ಷಣೆಗೆ ಏನಾದರೂ ಹೇಳುವುದಿದೆಯಾ ಅಂತ ಕೇಳಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 274ನೇ ಕಲಂ ಇದು. ಒಪ್ಪಿಕೊಂಡರೆ, ಆ ಮಾತನ್ನು ಸಾಧ್ಯವಾದಷ್ಟು ನೀವು ಆಡಿದ ಶಬ್ದಗಳಲ್ಲೇ ಬರೆದುಕೊಳ್ಳಬೇಕು ಅಂತ 275 ಹೇಳುತ್ತದೆ. ‘ಆಪಾದಿತನು ತಪ್ಪೊಪ್ಪಿಕೊಂಡಿರುತ್ತಾನೆ’ ಅಂತ ಒಂದೇ ಮುದ್ರೆ ಎಲ್ಲರಿಗೂ ಒತ್ತುವ ಹಾಗಿಲ್ಲ. ಇದು ಬರೀ ಶಾಸ್ತ್ರದ ಮಾತಲ್ಲ, ಆರೋಪಿಯ ರಕ್ಷಣೆಗೆ ಇರುವ ನಿಯಮ ಅಂತ ಸುಪ್ರೀಂ ಕೋರ್ಟು ಹಿಂದೆಯೇ ಮದ್ರಾಸಿನ ಮಹಂತ ಕೌಶಲ್ಯ ದಾಸ್ ಎಂಬುವರ ಕೇಸಿನಲ್ಲಿ ಹೇಳಿದೆ.

ಯಾಕೆ ಇಷ್ಟು ಎಚ್ಚರ? ಒಪ್ಪಿಕೊಂಡವನಿಗೆ ಆಮೇಲೆ ಹಿಂದೆ ಬರುವ ದಾರಿ ಇಲ್ಲವೆನ್ನುವಷ್ಟು ಕಿರಿದು. ಶಿಕ್ಷೆ ಜಾಸ್ತಿಯಾಯಿತು, ಶಿಕ್ಷೆ ಕಾನೂನಿನಂತೆ ಇಲ್ಲ ಅಂತ ಮಾತ್ರ ಅಪೀಲು ಹೋಗಬಹುದು. ‘ನಾನು ಅಲ್ಲಿರಲೇ ಇಲ್ಲ’ ಅನ್ನುವ ಮಾತು ಅಲ್ಲಿಗೆ ಸತ್ತಿತು. ಇನ್ನು, ಒಪ್ಪಿಕೋ ಕಡಿಮೆ ಮಾಡಿಸ್ತೀವಿ ಅನ್ನುವ ಭರವಸೆ. ಇದರ ಗತಿ ನಮ್ಮ ರಾಜ್ಯದ ತಿಪ್ಪೇಸ್ವಾಮಿ ಎಂಬುವರ ಕೇಸಿನಲ್ಲಿ ಗೊತ್ತಾಯಿತು. ಬರೀ ದಂಡದಲ್ಲಿ ಬಿಡುತ್ತಾರೆ ಅಂತ ನಂಬಿ ತಪ್ಪೊಪ್ಪಿಕೊಂಡಿದ್ದ ಮನುಷ್ಯನಿಗೆ ಮೇಲಿನ ಕೋರ್ಟಿನಲ್ಲಿ ಜೈಲು ಬಿತ್ತು. 1982ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು, ಆಸೆ ತೋರಿಸಿ ಒಪ್ಪಿಸಿ ಆಮೇಲೆ ಶಿಕ್ಷೆ ಏರಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಅಂದಿತು. ಆತ ಅಲ್ಲಿತನಕ ಹೋದದ್ದಕ್ಕೆ ಉಳಿದ. ನಮ್ಮಲ್ಲಿ ಎಷ್ಟು ಜನ ಹೋಗುತ್ತಾರೆ?

ಅಂಚೆಯಲ್ಲಿ ಬರುವ ಸಮನ್ಸೂ ಒಂದಿದೆ. ಬರೀ ದಂಡ ಬೀಳುವ ಸಣ್ಣ ಅಪರಾಧಗಳಿಗೆ, ಕೋರ್ಟಿಗೆ ಬರದೆ ದಂಡದ ಹಣ ಕಳಿಸಿ ಮುಗಿಸಿಕೊಳ್ಳಬಹುದು ಅಂತ ಅದರಲ್ಲಿ ಇರುತ್ತದೆ. ಪುಣ್ಯ ಬಂತು ಅಂತ ಹಣ ಕಳಿಸಬೇಡಿ. ಅದು ತಪ್ಪೊಪ್ಪಿಕೊಂಡು ಬರೆದುಕೊಡುವ ಕಾಗದ. ಲೋಕ ಅದಾಲತ್ ದಿನವೂ ಅಷ್ಟೆ. ಅವತ್ತು ಪೆಟ್ಟಿ ಕೇಸುಗಳನ್ನು ಕಟ್ಟುಕಟ್ಟಾಗಿ ಮುಗಿಸುತ್ತಾರೆ. ಎದುರುಪಾರ್ಟಿಯ ಜೊತೆ ರಾಜಿಯಾದರೆ ಅದು ಖುಲಾಸೆಗೆ ಸಮ. ದಂಡ ಕಟ್ಟಿ ಮುಗಿಸಿದರೆ ಅದು ಶಿಕ್ಷೆ. ಎರಡೂ ಒಂದೇ ಮೇಜಿನ ಮೇಲೆ ಒಂದೇ ಹೊತ್ತಿನಲ್ಲಿ ನಡೆಯುತ್ತವೆ, ಸಹಿ ಹಾಕುವವನಿಗೆ ವ್ಯತ್ಯಾಸ ಕಾಣುವುದಿಲ್ಲ. ‘ಸಾರ್, ಇದು ರಾಜಿಯಾ, ತಪ್ಪೊಪ್ಪಿಗೆಯಾ?’ ಅಂತ ಬಾಯಿಬಿಟ್ಟು ಕೇಳಿ.

ಹಾಗಾದ್ರೆ ಐನೂರು ರೂಪಾಯಿ ಕೇಸಿಗೆ ವರ್ಷಗಟ್ಟಲೆ ಅಲೀಬೇಕಾ ಅಂತ ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ತೆರಕಣಾಂಬಿಯ ಆಚೆಯ ಹಳ್ಳಿಯಿಂದ ಬಸ್ ಹಿಡಿದು ಬರುವ ಖರ್ಚು, ಅಪ್ಪನ ಒಂದು ದಿನದ ಕೂಲಿ, ತಪ್ಪಿದ ಕ್ಲಾಸು, ಇವೆಲ್ಲ ಸುಳ್ಳಲ್ಲ. ಪೇದೆಯ ಮಾತಿಗೆ ಬಲ ಬರುವುದೇ ಈ ಖರ್ಚಿನಿಂದ. ಆದರೂ ಒಬ್ಬನ ಕತೆ ಹೇಳುತ್ತೇನೆ.

ಅಮೆರಿಕಾದ ಲೂಯಿವಿಲ್ ಪಟ್ಟಣದಲ್ಲಿ ಸ್ಯಾಮ್ ಥಾಂಪ್ಸನ್ ಅಂತ ಒಬ್ಬ ಕರಿಯ, ಸಣ್ಣಪುಟ್ಟ ಕೆಲಸ ಮಾಡಿಕೊಂಡು ಬದುಕುತ್ತಿದ್ದವನು. 1959ರ ಜನವರಿಯ ಒಂದು ಶನಿವಾರ ಸಂಜೆ ಬಸ್ಸಿಗೆ ಕಾಯುತ್ತ ಒಂದು ಹೋಟೆಲಿನಲ್ಲಿದ್ದ. ಹಾಡಿಗೆ ತಕ್ಕ ಹಾಗೆ ಒಬ್ಬನೇ ಕಾಲು ಕುಣಿಸುತ್ತಿದ್ದ. ಹೋಟೆಲಿನವರ ತಕರಾರು ಇರಲಿಲ್ಲ. ಒಳಗೆ ಬಂದ ಪೊಲೀಸರು, ಕೆಲಸವಿಲ್ಲದೆ ಅಲೆಯುತ್ತಿದ್ದೀಯ ಅಂತ ಹಿಡಿದರು. ಯಾಕೆ ಹಿಡಿದಿರಿ ಅಂತ ಕೇಳಿದ. ವಾದ ಮಾಡಿದ ಅಂತ ಇನ್ನೊಂದು ಕೇಸು ಸೇರಿಸಿದರು, ಅನುಚಿತ ವರ್ತನೆ. ಒಂದೊಂದಕ್ಕೆ ಹತ್ತು ಹತ್ತು ಡಾಲರ್ ದಂಡ. ಅದಕ್ಕೂ ಮುಂಚೆ ಆತನನ್ನು 54 ಸಲ ಹಿಡಿದಿದ್ದ ದಾಖಲೆ ಇತ್ತು, ಅಷ್ಟು ಹಳೆಯ ಗಿರಾಕಿ. ಈ ಸಲ ಮಾತ್ರ ಒಪ್ಪಿಕೊಳ್ಳಲಿಲ್ಲ. ಲೂಯಿ ಲಸ್ಕಿ ಅನ್ನುವ ವಕೀಲರು ಜೊತೆಗಿದ್ದರು. ದಂಡದ ಮೊತ್ತ ಎಷ್ಟು ಚಿಕ್ಕದೆಂದರೆ ಆ ರಾಜ್ಯದ ಯಾವ ಕೋರ್ಟಿಗೂ ಅಪೀಲು ಹೋಗುವ ಹಾಗಿರಲಿಲ್ಲ. ಆದ್ದರಿಂದಲೇ ಕೇಸು ಪುರಸಭೆ ಮಟ್ಟದ ಪೊಲೀಸ್ ಕೋರ್ಟಿನಿಂದ ನೆಟ್ಟಗೆ ದೇಶದ ಸುಪ್ರೀಂ ಕೋರ್ಟಿಗೆ ಹೋಯಿತು. 1960ರ ಮಾರ್ಚ್‌ನಲ್ಲಿ ಎಲ್ಲ ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ತೀರ್ಪು ಕೊಟ್ಟರು. ಸಾಕ್ಷ್ಯವೇ ಇಲ್ಲದೆ ಒಬ್ಬನನ್ನು ತಪ್ಪಿತಸ್ಥ ಅನ್ನುವುದು ಸಂವಿಧಾನಕ್ಕೆ ವಿರುದ್ಧ, ಪೊಲೀಸರ ಜೊತೆ ವಾದ ಮಾಡಿದ್ದು ಅನುಚಿತ ವರ್ತನೆಗೆ ಸಾಕ್ಷ್ಯವಾಗುವುದಿಲ್ಲ ಅಂತ. ಎರಡು ಹತ್ತು ಡಾಲರುಗಳ ಕೇಸು ಅದು.

ನಮ್ಮ ಬಾಬಾಸಾಹೇಬರ ವಿಷಯವನ್ನೇ ತೆಗೆದುಕೊಳ್ಳಿ. 1927ರ ಮಾರ್ಚ್‌ನಲ್ಲಿ ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದು ಎಲ್ಲರಿಗೂ ಗೊತ್ತು, ನಾವು ಭಾಷಣದಲ್ಲಿ ಹೇಳುವುದೂ ಅಷ್ಟನ್ನೇ. ಆಮೇಲಿನದು ಹೇಳುವುದಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಎರಡನೇ ಸಲ ಕೆರೆಗೆ ಹೋಗಲು ಸಾವಿರಾರು ಜನ ಸೇರುವ ಹೊತ್ತಿಗೆ ಮೇಲ್ಜಾತಿಯವರು ಸಿವಿಲ್ ಕೋರ್ಟಿನಿಂದ ತಾತ್ಕಾಲಿಕ ತಡೆ ತಂದರು. ಜನ ಕುದಿಯುತ್ತಿದ್ದರು. ಬಾಬಾಸಾಹೇಬರು ಕೆರೆಗೆ ನುಗ್ಗಿಸಲಿಲ್ಲ. ಕೇಸು ನಡೆಸಿದರು. ಅದು ಮುಗಿದದ್ದು 1937ರ ಮಾರ್ಚ್‌ನಲ್ಲಿ, ಮುಂಬಯಿ ಹೈಕೋರ್ಟಿನಲ್ಲಿ, ನಮ್ಮ ಕಡೆಗೆ. ಹತ್ತು ವರ್ಷ ಹತ್ತಿರ ಹತ್ತಿರ. ಅಷ್ಟು ವರ್ಷ ಕೇಸನ್ನು ಕೈಬಿಡದೆ ಕೊನೆ ಮುಟ್ಟಿಸಿದರು. ಅವರ ಫೋಟೋ ಹಾಸ್ಟೆಲ್ ರೂಮಿನ ಗೋಡೆಗೆ ಹಾಕಿಕೊಂಡವರು ಮೂರನೇ ವಾಯಿದೆಗೇ ತಪ್ಪಿಸಿಕೊಂಡರೆ ಏನನ್ನುವುದು?

ತಪ್ಪಿಸಿಕೊಳ್ಳುವುದರ ಫಲ ಬೇರೆ ಇದೆ. ಸಮನ್ಸಿಗೆ ಹೋಗದಿದ್ದರೆ ವಾರಂಟು, ಆಮೇಲೆ ಜಾಮೀನು ಇಲ್ಲದ ವಾರಂಟು. ಜಾಮೀನಿನ ಮೇಲೆ ಬಿಟ್ಟವನು ಹಾಜರಾಗದಿದ್ದರೆ ಅದೇ ಬೇರೆ ಅಪರಾಧ, ಒಂದು ವರ್ಷದವರೆಗೆ ಜೈಲು. ಒಂದು ತಿಂಗಳಿನ ಕೇಸಿಗೆ ಹೆದರಿ ಒಂದು ವರ್ಷದ ಕೇಸು ತಂದುಕೊಂಡ ಹಾಗೆ. ಪರೀಕ್ಷೆ ಇದ್ದರೆ, ಜ್ವರ ಬಂದರೆ, ವಕೀಲರ ಕೈಲಿ ಆ ದಿನದ ಹಾಜರಾತಿಗೆ ವಿನಾಯಿತಿ ಅರ್ಜಿ ಹಾಕಿಸಿ. ಹಾಲ್ ಟಿಕೆಟ್ಟಿನ ನಕಲು ಕೊಡಿ.

ವಕೀಲರಿಗೆ ದುಡ್ಡಿಲ್ಲ ಅಂತ ಯಾರೂ ಸುಮ್ಮನಾಗಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1987ರ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗದವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು. ಆದಾಯ ಎಷ್ಟು ಅಂತ ಕೇಳುವ ಹಾಗೇ ಇಲ್ಲ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಬಂಧನದಲ್ಲಿ ಇರುವವರಿಗೆ ಜಾತಿಯನ್ನೂ ಕೇಳುವುದಿಲ್ಲ. ಚಾಮರಾಜನಗರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಇದು ಭಿಕ್ಷೆ ಅಲ್ಲ. 1986ರಲ್ಲಿ ಅರುಣಾಚಲದ ಸುಖ್ ದಾಸ್ ಕೇಸಿನಲ್ಲಿ, ಉಚಿತ ವಕೀಲರ ಹಕ್ಕು ನಿನಗಿದೆ ಅಂತ ಆರೋಪಿಗೆ ಹೇಳದೆ ಕೊಟ್ಟ ಶಿಕ್ಷೆಯನ್ನೇ ಸುಪ್ರೀಂ ಕೋರ್ಟು ರದ್ದುಮಾಡಿತು. ಉಚಿತ ವಕೀಲರು ಸರಿಯಾಗಿ ನಡೆಸುವುದಿಲ್ಲ ಅನ್ನುವ ದೂರು ಎಲ್ಲ ಕಡೆ ಇದೆ, ಕೆಲವು ಸಲ ನಿಜವೂ ಹೌದು. ಹಾಗಾದಾಗ ಬೇರೆಯವರನ್ನು ಕೊಡಿ ಅಂತ ಬರೆದುಕೊಡಿ. ಕಾಲೇಜಿನ ಪ್ರಿನ್ಸಿಪಾಲರಿಗೆ ಅರ್ಜಿ ಬರೆಯಲು ಬರುತ್ತದಲ್ಲ, ಹಾಗೇ ಇದೂ.

ಹಿಡಿದುಕೊಂಡು ಹೋದ ರಾತ್ರಿಯ ಮಾತು. ಯಾಕೆ ಹಿಡಿದೆವು ಅಂತ ಹೇಳಲೇಬೇಕು. ಮನೆಯವರಿಗೋ ಗೆಳೆಯನಿಗೋ ತಿಳಿಸಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. 1996ರ ಡಿ.ಕೆ. ಬಸು ತೀರ್ಪಿನಿಂದ ಈಚೆಗೆ ಇವೆಲ್ಲ ಠಾಣೆಯ ಗೋಡೆಯ ಮೇಲೇ ಬರೆದಿರುತ್ತವೆ, ಓದುವ ಸ್ಥಿತಿಯಲ್ಲಿ ನಾವಿರುವುದಿಲ್ಲ ಅಷ್ಟೆ. ಜಾಮೀನು ಕೊಡಬಹುದಾದ ಅಪರಾಧವಾದರೆ ಜಾಮೀನು ನಿಮ್ಮ ಹಕ್ಕು, ಸಾಹೇಬರ ದಯೆಯಲ್ಲ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಹಾಸ್ಟೆಲಿನ ಹೆಣ್ಣುಮಕ್ಕಳನ್ನು ವಿಚಾರಣೆಗೆ ಅಂತ ಠಾಣೆಗೆ ಕರೆಸುವ ಹಾಗಿಲ್ಲ, ಇರುವಲ್ಲಿಗೇ ಬಂದು ಕೇಳಬೇಕು.

ಪಿಯುಸಿ ಓದುವ ತಮ್ಮಂದಿರು ಇದನ್ನು ಎರಡು ಸಲ ಓದಿಕೊಳ್ಳಿ. ಘಟನೆ ನಡೆದ ದಿನ ನಿಮಗೆ 18 ತುಂಬಿರದಿದ್ದರೆ ನಿಮ್ಮ ಕೇಸು ಈ ಕೋರ್ಟಿನದೇ ಅಲ್ಲ, ಬಾಲ ನ್ಯಾಯ ಮಂಡಳಿಯದು. ಲಾಕಪ್ಪಿಗೆ ಹಾಕುವ ಹಾಗಿಲ್ಲ. 2015ರ ಬಾಲ ನ್ಯಾಯ ಕಾಯಿದೆಯ 24ನೇ ಕಲಂ ಪ್ರಕಾರ ಇಂಥ ಕೇಸು ಮುಂದೆ ಯಾವ ಕೆಲಸಕ್ಕೂ ಅಡ್ಡಿ ಬರಕೂಡದು. ಆದರೆ ಠಾಣೆಯಲ್ಲಿ ‘ವಯಸ್ಸೆಷ್ಟಲಾ?’ ಅಂದಾಗ ದೊಡ್ಡವನ ಹಾಗೆ ‘ಹತ್ತೊಂಬತ್ತು’ ಅಂದುಬಿಡುತ್ತೀರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು ಹಾಜರುಮಾಡಿಸಿ.

ಇನ್ನೊಂದು ಕಾಗದ ತಾಲ್ಲೂಕು ಕಚೇರಿಯಿಂದ ಬರುತ್ತದೆ. ಹಬ್ಬ, ಜಾತ್ರೆ, ಎಲೆಕ್ಷನ್ ಹತ್ತಿರ ಬಂದಾಗ, ಇವರಿಂದ ಶಾಂತಿಭಂಗ ಆಗಬಹುದು ಅಂತ ಪೊಲೀಸರು ತಹಸೀಲ್ದಾರರಿಗೆ ಬರೆಯುತ್ತಾರೆ. ಹಿಂದೆ 107 ಅನ್ನುತ್ತಿದ್ದರು, ಈಗ 126. ಒಂದು ವರ್ಷದವರೆಗೆ ಸುಮ್ಮನಿರುತ್ತೇನೆ ಅಂತ ಮುಚ್ಚಳಿಕೆ. ಇದು ಶಿಕ್ಷೆ ಅಲ್ಲ, ಆದರೆ ವಿಚಾರಣೆ ಮಾಡದೆ ಬರೆಸಿಕೊಳ್ಳುವ ಹಾಗೂ ಇಲ್ಲ. ‘ನನ್ನಿಂದ ಏನು ಭಂಗ ಆಗ್ತದೆ, ಕಾರಣ ತೋರಿಸಿ’ ಅಂತ ಕೇಳುವ ಹಕ್ಕಿದೆ. ವಕೀಲರನ್ನು ಕರೆದುಕೊಂಡೇ ಹೋಗಿ.

ಎಲ್ಲಕ್ಕಿಂತ ಹೆಚ್ಚು ಹುಡುಗರು ಹಾಳಾಗುವ ಜಾಗ ಇನ್ನೊಂದಿದೆ. ಟೀ ಅಂಗಡಿಯ ಮುಂದೆ ಜಾತಿ ಹಿಡಿದು ಬೈದರು, ಕೊರಳಪಟ್ಟಿ ಹಿಡಿದರು, ಇವನು ಕೈ ತಳ್ಳಿದ. ಠಾಣೆಗೆ ಹೋಗಿ ದೂರು ಕೊಟ್ಟರೆ ‘ಎರಡೂ ಕಡೆಯವರು ಗಲಾಟೆ ಮಾಡಿದ್ದೀರಿ, ಇಬ್ಬರ ಮೇಲೂ ಒಂದೊಂದು ಪೆಟ್ಟಿ ಕೇಸು’ ಅನ್ನುತ್ತಾರೆ. ನ್ಯಾಯ ಸಮ ಸಮ ಹಂಚಿದ ಹಾಗೆ ಕಾಣುತ್ತದೆ. ಮೋಸ ಇರುವುದು ಇಲ್ಲೇ. ಜನರ ಕಣ್ಣೆದುರು ಜಾತಿ ಹೆಸರಿನಲ್ಲಿ ಅವಮಾನ ಮಾಡುವುದು 1989ರ ದೌರ್ಜನ್ಯ ತಡೆ ಕಾಯಿದೆಯ 3ನೇ ಕಲಮಿನ ಅಪರಾಧ, ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಅದನ್ನು ಐನೂರು ರೂಪಾಯಿ ದಂಡಕ್ಕೆ ಇಳಿಸಿದರು. ನಮ್ಮ ಹುಡುಗನನ್ನು ದೂರುದಾರನ ಜಾಗದಿಂದ ಎಳೆದು ಆರೋಪಿಯ ಜಾಗದಲ್ಲಿ ನಿಲ್ಲಿಸಿದರು. ಅವನು ಹೋಗಿ ‘ತಪ್ಪಾಯ್ತು ಸ್ವಾಮಿ’ ಅಂದರೆ ಬೈಸಿಕೊಂಡದ್ದಕ್ಕೂ ತನ್ನದೇ ತಪ್ಪು ಅಂತ ಬರೆದುಕೊಟ್ಟ ಹಾಗಾಯಿತು. ಮುಂದೆ ದೌರ್ಜನ್ಯದ ಕೇಸು ನಡೆದರೂ ಎದುರು ವಕೀಲರು ಮೊದಲು ತೆಗೆದು ತೋರಿಸುವುದು ಆ ಕಾಗದವನ್ನೇ.

ಇಂಥ ಕೇಸಿನಲ್ಲಿ ಒಪ್ಪಿಕೊಳ್ಳಲೇಬಾರದು. ಹೊಡೆದಾಟ ಅನ್ನಬೇಕಾದರೆ ಎರಡು ಕಡೆಯೂ ಹೊಡೆದಿರಬೇಕು. ಒಬ್ಬ ಹೊಡೆದು ಇನ್ನೊಬ್ಬ ತಿಂದರೆ ಅದು 194 ಆಗುವುದಿಲ್ಲ. ದೌರ್ಜನ್ಯದ ದೂರು ತೆಗೆದುಕೊಳ್ಳಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ 2018ರಲ್ಲಿ ಸೇರಿಸಿದ 18ಎ ಕಲಂ ಹೇಳುತ್ತದೆ. ದೂರು ಬರೆದುಕೊಳ್ಳದ ಅಧಿಕಾರಿಗೆ 4ನೇ ಕಲಂ ಇದೆ. ದಲಿತನ ಮೇಲೆ ಸುಳ್ಳು ಕೇಸು ಹಾಕಿ ಕಾಡುವುದೂ ಅದೇ ಕಾಯಿದೆಯಲ್ಲಿ ದೌರ್ಜನ್ಯವೇ. ದೂರು ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್.ಪಿ.ಯವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆ ದಿನದ ಪೆಟ್ಟಿನ ಗುರುತನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಬರೆಸಿ.

ಎಲ್ಲ ಕೇಸೂ ಇಂಥದಲ್ಲ, ಅದನ್ನೂ ಹೇಳಿಬಿಡಬೇಕು. ಕ್ರಿಕೆಟ್ ಮ್ಯಾಚಿಗೆ ಹೊಡೆದಾಡಿದ್ದು, ಬರ್ತ್‌ಡೇ ಅಂತ ಕುಡಿದು ಊಟಿ ರಸ್ತೆಯಲ್ಲಿ ಬೈಕು ಅಡ್ಡ ನಿಲ್ಲಿಸಿದ್ದು, ಹೆಣ್ಣುಮಕ್ಕಳ ಹಾಸ್ಟೆಲ್ ಮುಂದೆ ಕೂಗಾಡಿದ್ದು. ಇದಕ್ಕೆಲ್ಲ ಬಾಬಾಸಾಹೇಬರ ಹೆಸರು ಹಚ್ಚಿಕೊಂಡು ಜಾತಿ ನೋಡಿ ಕೇಸು ಹಾಕಿದರು ಅಂತ ಸಂಘಟನೆಯ ಬಾಗಿಲಿಗೆ ಬರಬೇಡಿ. ನಿಜವಾಗಿ ಮಾಡಿದ್ದರೆ ವಕೀಲರ ಹತ್ತಿರ ನಿಜ ಹೇಳಿ. ಆಗಲೂ ಒಂದು ದಾರಿ ಇದೆ. ಪರಿವೀಕ್ಷಣೆಯ ಕಾಯಿದೆ ಅಂತ 1958ರಲ್ಲಿ ಆಗಿದೆ. ಮೊದಲ ಸಲದ ಸಣ್ಣ ತಪ್ಪಿಗೆ ದಂಡ ಹಾಕದೆ ಎಚ್ಚರಿಕೆ ಕೊಟ್ಟು ಬಿಡಬಹುದು, ಒಳ್ಳೆ ನಡತೆಯ ಮುಚ್ಚಳಿಕೆಯ ಮೇಲೂ ಬಿಡಬಹುದು. ಹಾಗೆ ಬಿಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ ಅಂತ ಅದರ 12ನೇ ಕಲಂ. ಕೇಳದವರಿಗೆ ಇದು ಸಿಗುವುದಿಲ್ಲ. ದಂಡ ಕಟ್ಟುವ ಕಿಟಕಿಗೆ ಹೋಗುವ ಮುಂಚೆ ‘ಪ್ರೊಬೇಷನ್ ಕೊಡಿ ಸ್ವಾಮಿ, ಓದುವ ಹುಡುಗ’ ಅಂತ ವಕೀಲರ ಬಾಯಲ್ಲಿ ಹೇಳಿಸಿ.

ಈಗಾಗಲೇ ದಂಡ ಕಟ್ಟಿ ಬಂದವರು ಫಾರಂ ಮುಂದೆ ಕೂತಿದ್ದರೆ, ಮುಚ್ಚಿಡಬೇಡಿ. ಕೇಸಿಗಿಂತ ಸುಳ್ಳೇ ಕೆಲಸ ಕಳೆದದ್ದು ಹೆಚ್ಚು. 2016ರ ಜುಲೈನಲ್ಲಿ ಅವತಾರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಇದನ್ನೆಲ್ಲ ಬಿಡಿಸಿಟ್ಟರು. ಫಾರಂನಲ್ಲಿ ಕೇಳಿದ್ದಕ್ಕೆ ನಿಜ ಬರೆಯಬೇಕು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಅಪರಾಧವಾದರೆ, ಬರೆಯದೆ ಬಿಟ್ಟಿದ್ದರೂ ಇಲಾಖೆ ಮನಸ್ಸು ಮಾಡಿ ಮನ್ನಿಸಬಹುದು ಅಂದರು. ಮನ್ನಿಸಬಹುದು ಅಂದರೇ ಹೊರತು ಮನ್ನಿಸಲೇಬೇಕು ಅನ್ನಲಿಲ್ಲ. 2011ರಲ್ಲಿ ದೆಹಲಿಯ ಸಂದೀಪ್ ಕುಮಾರ್ ಕೇಸಿನಲ್ಲೂ, ಹರೆಯದ ತಪ್ಪಿಗೆ ಬದುಕಿಡೀ ಹಣೆಪಟ್ಟಿ ಕಟ್ಟಬಾರದು ಅನ್ನುವ ಧಾಟಿಯಲ್ಲೇ ತೀರ್ಪು ಬಂತು. ಆದ್ದರಿಂದ ನಿಜ ಬರೆದು, ತೀರ್ಪಿನ ನಕಲು ಲಗತ್ತಿಸಿ, ಕೆಲಸ ನಿರಾಕರಿಸಿದರೆ ಆ ಆದೇಶವನ್ನು ಪ್ರಶ್ನಿಸಲು ಆಧಾರ ಇಟ್ಟುಕೊಳ್ಳಿ.

ಪ್ರತಿ ಹಾಸ್ಟೆಲಿನಲ್ಲಿ ಇಬ್ಬರು ಸೀನಿಯರ್‌ಗಳು ಒಂದು ನೋಟ್‌ಬುಕ್ ಇಡಲಿ. ಯಾರಿಗೆ ಸಮನ್ಸ್ ಬಂದಿದೆ, ಯಾವ ಕೋರ್ಟು, ಸಿಸಿ ನಂಬರ್ ಎಷ್ಟು, ಮುಂದಿನ ವಾಯಿದೆ ಯಾವತ್ತು, ವಕೀಲರು ಯಾರು. ವಾಯಿದೆ ದಿನ ಹುಡುಗನ ಜೊತೆ ಒಬ್ಬರು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಲಿ, ಪೇದೆ ಕಿವಿಯಲ್ಲಿ ಏನು ಹೇಳುತ್ತಾನೆ ಅನ್ನುವುದನ್ನು ಅವರೂ ಕೇಳಿಸಿಕೊಳ್ಳಲಿ. ಹೊರಡುವಾಗ ಸಮನ್ಸಿನ ಕಾಗದ, ಜಾತಿ ಪ್ರಮಾಣಪತ್ರದ ನಕಲು, ಆಧಾರ್ ನಕಲು, ಎರಡು ಫೋಟೋ ಜೇಬಿನಲ್ಲಿರಲಿ. ವಕೀಲರು ಗೊತ್ತಿಲ್ಲದವರು ಹಿಂದಿನ ದಿನವೇ ಕೋರ್ಟಿನ ಆವರಣದ ಕಾನೂನು ಸೇವಾ ಕಚೇರಿಗೆ ಹೋಗಿ ಅರ್ಜಿ ಕೊಡಿ. ಕಚೇರಿಗೆ ಹೋಗಲಾಗದವರು 15100ಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡಿಲ್ಲ.